ಕ್ಯಾಮೆರಾಕ್ಕೆ ಕಾಣದ ಕರುಳಿನ ಉರಿ

ಗಂಡಿನ ಕಡೆಯವರು ಮಗಳ ಮದುವೆಯ ಮಾತಿಗೆಂದು ಕಬಕದ ನಮ್ಮ ಮನೆಗೆ ಬಂದ ದಿನ ನಾನು ಮಾತಿನ ನಡುವೆ ಮೂರು ಸಲ ಎದ್ದು ಒಳಗೆ ಹೋದೆ. ಮೊದಲ ಸಲ ಚಹಾ ಎಲ್ಲಿಗೆ ಬಂತು ನೋಡುತ್ತೇನೆ ಎಂದೆ. ಎರಡನೇ ಸಲ ಫೋನು ಬಂತು ಎಂದೆ. ಫೋನು ಟೀಪಾಯಿಯ ಮೇಲೆ ಅವರ ಕಣ್ಣೆದುರೇ ಇತ್ತು. ಮೂರನೇ ಸಲ ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು ವಾಪಸು ಬಂದಾಗ ಹುಡುಗನ ಸೋದರಮಾವ ನಗುತ್ತಾ ಕೇಳಿದರು. ನಮ್ಮ ನಮ್ಮಲ್ಲಿ ಮಾತು ಬ್ಯಾರಿ ಭಾಷೆಯಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಎಂತ ಮಾರಾಯ್ರೆ, ನಮ್ಮ ಮಾತು ನಿಮಗೆ ಹಿಡಿಸುದಿಲ್ಲವಾ? ಕೂತಲ್ಲಿ ಕೂರುದೇ ಇಲ್ಲ ನೀವು!”

“ಹಾಗೆಂತ ಇಲ್ಲ. ಸೊಂಟ ನೋವು. ಒಂದೇ ಕಡೆ ಕೂರ್ಲಿಕ್ಕೆ ಆಗುದಿಲ್ಲ.”

“ನಿಕಾಹ್ ದಿವಸ ಕೂರ್ಬೇಕಾಗ್ತದೆ. ಸೊಂಟಕ್ಕೆ ಈಗಲೇ ಹೇಳಿಡಿ,” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರು ತಮಾಷೆಗೆ ಹೇಳಿದ ಆ ಒಂದು ಮಾತು ಮುಂದಿನ ಎಲ್ಲ ತಿಂಗಳು ನನ್ನ ಎದೆಯ ಮೇಲೆ ಕಲ್ಲಿನ ಹಾಗೆ ಕೂತಿತು. ನಮ್ಮಲ್ಲಿ ನಿಕಾಹ್ ಎಂದರೆ ಹುಡುಗಿಯ ತಂದೆ ಮದುಮಗನ ಎದುರು ಕೂತು, ಅವನ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದು, ಇವಳನ್ನು ನಿನಗೆ ನಿಕಾಹ್ ಮಾಡಿ ಕೊಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳಬೇಕು. ಮದುಮಗ ಒಪ್ಪಿದ್ದೇನೆ ಅನ್ನಬೇಕು. ಅಷ್ಟೇ ಮದುವೆ. ಉಳಿದದ್ದೆಲ್ಲ ಊಟ. ತಂದೆ ಇಲ್ಲದಿದ್ದರೆ ಅಣ್ಣ ಕೂರುತ್ತಾನೆ. ನನ್ನ ತಂದೆ ನಾನು ಮೀಸೆ ಮೂಡುವ ಮೊದಲೇ ಹೋದವರು. ಇಬ್ಬರು ತಂಗಿಯರ ನಿಕಾಹ್‌ಗೆ ನಾನೇ ಕೂತೆ. ಆಗ ನಾನು ಮರದ ಲಾರಿಗೆ ಲೋಡು ಮಾಡುವ ಕೂಲಿ; ಅಂಗೈ ತುಂಬ ಸಿಬಿರು ಚುಚ್ಚಿದ ಗಾಯ. ಆ ಕೈಯಲ್ಲೇ ಎರಡು ಮನೆಯ ಗಂಡಸರ ಕೈ ಹಿಡಿದೆ. ಇವನಿಗೆ ತಂದೆ ಇಲ್ಲ, ಇವನು ಎಲ್ಲಿಂದ ತಂಗಿಯರನ್ನು ದಾಟಿಸಿಯಾನು ಎಂದವರೆಲ್ಲ ಆ ದಿನ ನನ್ನ ಕೈಯನ್ನೇ ನೋಡಿದರು. ಹಾಗಿರುವಾಗ ನನ್ನ ಒಬ್ಬಳೇ ಮಗಳ ನಿಕಾಹ್‌ಗೆ ನಾನು ಕೂರದಿದ್ದರೆ ಹೇಗೆ? ಮಳೆಗಾಲ ಕಳೆದ ಮೇಲೆ ಮದುವೆ ಎಂದು ಮಾತಾಯಿತು. ಅಷ್ಟರೊಳಗೆ ಈ ಹೊಟ್ಟೆಯನ್ನು ಸರಿ ಮಾಡಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಇದ್ದದ್ದು ಅದೊಂದೇ.

ಹೊಟ್ಟೆಯ ಕಥೆ ಶುರುವಾದದ್ದು ಅದಕ್ಕೂ ಹಿಂದಿನ ವರ್ಷ. ಭೇದಿ ಎಂದರೆ ಎಲ್ಲರಿಗೂ ಗೊತ್ತು: ಎರಡು ದಿನ ಹೋಗುತ್ತದೆ, ಗಂಜಿ ಕುಡಿದರೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ರಕ್ತ ಇಲ್ಲ, ಜ್ವರ ಇಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ನೀರು, ಬರೀ ನೀರು. ಉಂಡ ಕೂಡಲೇ ಒಂದು ಸಲ, ಉಣ್ಣದಿದ್ದರೂ ಒಂದು ಸಲ. ಬೆಳಗ್ಗೆ ಮಸೀದಿಯಲ್ಲಿ ಬಾಂಗ್ ಕೂಗುವ ಮೊದಲೇ ಹೊಟ್ಟೆ ನನ್ನನ್ನು ಎಬ್ಬಿಸುತ್ತಿತ್ತು. ಅದಕ್ಕೆ ಮುನ್ಸೂಚನೆ ಎನ್ನುವುದು ಇಲ್ಲ. ಬಂತು ಎಂದರೆ ಬಂತು. ಎರಡು ಸಲ ದಾರಿಯಲ್ಲೇ ಬಟ್ಟೆ ಹಾಳಾಯಿತು. ಐವತ್ತು ದಾಟಿದ ಗಂಡಸು ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಹಿಂದಿನ ಸೀಟಿನಲ್ಲಿ ಲುಂಗಿ ಬದಲಾಯಿಸುವಾಗ ಏನೆಲ್ಲ ಯೋಚನೆ ಬರುತ್ತದೆ ಎಂದು ಬರೆಯಲು ನನಗೆ ಬರುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ, ಇಂಥ ಹೊಟ್ಟೆ ಇರುವವರಿಗೆ ಉಪಯೋಗಕ್ಕೆ ಬಂದೀತು: ಗಾಡಿಯಲ್ಲಿ ಕಪ್ಪು ಬಣ್ಣದ ಲುಂಗಿ, ದಪ್ಪದ ಪ್ಲಾಸ್ಟಿಕ್ ಚೀಲ, ದೊಡ್ಡ ಬಾಟ್ಲಿಯಲ್ಲಿ ನೀರು ಇಟ್ಟುಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಪಾಯಿಖಾನೆಯ ಕೀಲಿಕೈ ಕೇಳುವಾಗ ಮೊದಲು ಸ್ವಲ್ಪ ಪೆಟ್ರೋಲ್ ಹಾಕಿಸಿ. ಸುಮ್ಮನೆ ಕೇಳಿದರೆ ಕೆಟ್ಟು ಹೋಗಿದೆ ಅನ್ನುತ್ತಾರೆ.

ನನ್ನ ವ್ಯಾಪಾರ ಹಳೆ ಮನೆಯ ಮರದ್ದು. ಹಂಚಿನ ಮನೆ ಕೆಡವಿ ಟೆರೇಸು ಕಟ್ಟುವವರಿಂದ ಕಂಬ, ತೊಲೆ, ಪಕ್ಕಾಸು, ಬಾಗಿಲು, ಕಿಟಕಿ ಎಲ್ಲ ಒಟ್ಟಿಗೆ ಮಾತಾಡಿ ಕೊಳ್ಳುವುದು, ಬಿಚ್ಚಿ ತಂದು ಶೆಡ್ಡಿನಲ್ಲಿ ಪೇರಿಸುವುದು, ಆಮೇಲೆ ಬಿಡಿ ಬಿಡಿಯಾಗಿ ಮಾರುವುದು. ಈಗ ರೆಸಾರ್ಟಿನವರು ಹಳೆ ಬಾಗಿಲಿಗೆ ಹೊಸದಕ್ಕಿಂತ ಹೆಚ್ಚು ಕೊಡುತ್ತಾರೆ. ಇದರಲ್ಲಿ ದುಡಿಮೆ ಎಂದರೆ ಚರ್ಚೆ, ಬೆಲೆಯ ಚೌಕಾಸಿ. ಮನೆಯ ಯಜಮಾನನಿಗೆ ಅಜ್ಜ ಕಟ್ಟಿಸಿದ ಮನೆ ಎಂದು ಮನಸ್ಸು ಮೆತ್ತಗಾಗಿರುತ್ತದೆ. ಅವನ ಜೊತೆ ಕೂತು ಆ ಅಜ್ಜನ ಕಥೆ ಕೇಳಬೇಕು, ಕೊಟ್ಟ ಕಾಫಿ ಕುಡಿಯಬೇಕು, ರೇಟಿನ ಮಾತನ್ನು ಅವನೇ ಎತ್ತುವ ತನಕ ಹವಾಮಾನ ಮಾತಾಡಬೇಕು. ಅರ್ಧ ದಿನ ಬೇಕಾಗುತ್ತದೆ.

ಗಂಡಿನ ಕಡೆಯವರು ಬಂದು ಹೋಗಿ ಸ್ವಲ್ಪ ದಿನದಲ್ಲೇ ಸುಳ್ಯದ ಹತ್ತಿರ ಅಜ್ಜಾವರದಲ್ಲಿ ಒಂದು ಮನೆ ಬಂತು. ಕೃಷಿಕರಾದ ಗೌಡರ ಮನೆ. ಬೋಗಿ ಮರದ ಕಂಬಗಳು, ಒಬ್ಬ ಆಳು ತಬ್ಬಿದರೆ ಕೈಗೆ ಕೈ ಮುಟ್ಟದು. ನೋಡಿದ ಕೂಡಲೇ ನನ್ನ ಮನಸ್ಸು ಹೇಳಿತು, ಇದನ್ನು ಬಿಡಬಾರದು. ಯಜಮಾನರು ಸುಮಾರು ನನ್ನ ಪ್ರಾಯದವರು. ಅವರ ಮನೆಮಾತು ಅರೆಭಾಷೆ ನನಗೂ ಬರುವುದರಿಂದ ಮಾತು ಸಲೀಸಾಗಿ ಹೋಗುತ್ತಿತ್ತು. ಕಾಫಿ ಒಳಗೆ ಇಳಿದದ್ದೇ ತಡ, ಹೊಟ್ಟೆ ತಿರುಗಿತು.

“ಗೌಡ್ರೆ, ಪಾಯಿಖಾನೆ ಎಲ್ಲಿ ಉಂಟು?”

“ಅಗೋ ಅಲ್ಲಿ, ದನದ ಹಟ್ಟಿ ದಾಟಿದ ಮೇಲೆ.”

ಹಟ್ಟಿ ದಾಟಿ ಹೋಗಿ ಬಂದೆ. ಕಂಬದ ಮಾತು ಮುಗಿದು ತೊಲೆಯ ಮಾತು ಶುರುವಾಗುವಾಗ ಪುನಃ ಹೋದೆ. ಬರುವಾಗ ಗೌಡರ ತಾಯಿ ಹಟ್ಟಿಯ ಬಾಗಿಲಲ್ಲಿ ನಿಂತಿದ್ದರು. “ಕಾಕ, ಕಂಬ ನೋಡ್ಲಿಕ್ಕೆ ಬಂದದ್ದಾ, ನಮ್ಮ ಪಾಯಿಖಾನೆ ನೋಡ್ಲಿಕ್ಕೆ ಬಂದದ್ದಾ? ಅದನ್ನೂ ಸೇರಿಸಿ ತಕ್ಕೊಂಡು ಹೋಗಿ!” ಎಂದರು. ಒಳ್ಳೆಯ ಮುದುಕಿ, ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಹೇಳಿದ್ದಲ್ಲ. ನಗುತ್ತಾ ಬಂದು ಕೂತೆ. ಗೌಡರು ತಮ್ಮ ರೇಟು ಹೇಳಿದರು. ಅದು ಮಾತು ಶುರು ಮಾಡಲು ಹೇಳಿದ ರೇಟು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೆ ಹೊಟ್ಟೆ ಮೂರನೇ ಸಲ ಹಿಂಡಿತು. ಇನ್ನೊಂದು ಸಲ ಆ ಮುದುಕಿಯನ್ನು ದಾಟಿ ಹಟ್ಟಿಯಾಚೆ ಹೋಗುವುದು ನನ್ನಿಂದ ಸಾಧ್ಯವಿರಲಿಲ್ಲ. “ಆಗಬಹುದು,” ಎಂದುಬಿಟ್ಟು ಗಾಡಿ ಹತ್ತಿದೆ. ಗೌಡರ ಮುಖದಲ್ಲಿ ಸಂತೋಷ ಕಾಣಲಿಲ್ಲ, ಸಂಶಯ ಕಂಡಿತು. ಇಷ್ಟು ಬೇಗ ಒಪ್ಪಿದನೆಂದರೆ ಮರ ಬಹಳ ಬೆಲೆಯದ್ದೇ ಇರಬೇಕು ಎಂದು ಆ ಸಂಜೆಯೇ ಫೋನು ಮಾಡಿ ಮಾತು ವಾಪಸು ತೆಗೆದುಕೊಂಡರು. ತಪ್ಪು ಅವರದ್ದಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಆ ವರ್ಷ ನನ್ನ ಹೊಟ್ಟೆಗೆ ಬಾರದ ಮದ್ದು ಇಲ್ಲ. ಹೆಂಡತಿ ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೆಯಲ್ಲಿ ಕೊಟ್ಟಳು. ಪಕ್ಕದ ಮನೆಯ ಹೆಂಗಸು ಕುಂಟಾಲದ ಚಿಗುರು ತಂದು ತಂಬುಳಿ ಮಾಡುವುದು ಹೇಳಿಕೊಟ್ಟಳು. ಕಡಬದಿಂದ ತಂಗಿ ಜಾಯಿಕಾಯಿ ತೇದು ಬಾಟ್ಲಿಯಲ್ಲಿ ಕಳಿಸಿದಳು. ಯಾರದೋ ಕಣ್ಣು ಬಿದ್ದಿದೆ ಎಂದು ನೀರು ಮಂತ್ರಿಸಿ ತಂದದ್ದೂ ಕುಡಿದೆ. ಎಲ್ಲವನ್ನೂ ಕುಡಿದೆ, ಎಲ್ಲವೂ ಹೊರಗೆ ಹೋಯಿತು. ಶುಕ್ರವಾರದ ನಮಾಜಿಗೆ ಮೊದಲ ಸಾಲಿನಲ್ಲಿ ನಿಲ್ಲುತ್ತಿದ್ದವನು ಕೊನೆಯ ಸಾಲಿಗೆ ಬಂದೆ, ಅಲ್ಲಿಂದ ಬಾಗಿಲ ಬುಡಕ್ಕೆ ಬಂದೆ. ನಮಾಜಿಗೆಂದು ಕೈಕಾಲು ತೊಳೆದು ಮಾಡಿಕೊಂಡ ವುಜೂ, ಆ ಶುದ್ಧಿ, ಉಳಿಯುತ್ತಿರಲಿಲ್ಲ. ಕೆಲವು ಶುಕ್ರವಾರ ಹೋಗಲೂ ಇಲ್ಲ. ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಪರಿಚಯದವರು ಎದುರಿಗೆ “ಎಂತ, ಡಯಟಾ?” ಎಂದು ಕೇಳಿ, ಆಚೆ ಹೋಗಿ ದನಿ ತಗ್ಗಿಸಿ ಮಾತಾಡುವುದು ಕಾಣುತ್ತಿತ್ತು. ಅವರ ಬಾಯಿಯಲ್ಲಿ ಯಾವ ರೋಗದ ಹೆಸರು ಉಂಟು ಎಂದು ನನಗೆ ಗೊತ್ತಿತ್ತು. ನನ್ನ ಮನಸ್ಸಿನಲ್ಲಿಯೂ ಅದೇ ಇತ್ತು.

ಡಾಕ್ಟರರ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ನಮ್ಮ ವ್ಯಾಪಾರದಲ್ಲಿ ಒಂದು ಕ್ರಮ ಉಂಟು. ಒಂದು ತೊಲೆಗೆ ಬೆಲೆ ಕಟ್ಟಿಸಬೇಕಾದರೆ, ಮೊದಲಿನವನು ಎಷ್ಟಕ್ಕೆ ಕೇಳಿದ ಎಂದು ಎರಡನೆಯವನಿಗೆ ಹೇಳಬಾರದು. ಹೇಳಿದರೆ ಅವನು ಮರ ನೋಡುವುದಿಲ್ಲ. ಆ ಬೆಲೆಯ ಮೇಲೆ ಒಂದಿಷ್ಟು ಏರಿಸಿ ಕೂರುತ್ತಾನೆ. ಏನೂ ಹೇಳದಿದ್ದರೆ ಅವನೇ ಮರ ಮುಟ್ಟಿ, ತಟ್ಟಿ, ತನ್ನ ಬುದ್ಧಿಯಿಂದ ಒಂದು ಬೆಲೆ ಹೇಳುತ್ತಾನೆ. ಮೂವರು ಬೇರೆ ಬೇರೆಯಾಗಿ ಒಂದೇ ಬೆಲೆ ಹೇಳಿದರೆ ಅದು ನಿಜದ ಬೆಲೆ. ಡಾಕ್ಟರರನ್ನೂ ನಾನು ಹಾಗೇ ನಡೆಸಿದೆ. ಪುತ್ತೂರಿನವರಿಗೆ ತೋರಿಸಿದ್ದನ್ನು ಸುಳ್ಯದವರಿಗೆ ಹೇಳಲಿಲ್ಲ. ಸುಳ್ಯದವರ ಚೀಟಿಯನ್ನು ಮಂಗಳೂರಿಗೆ ಒಯ್ಯಲಿಲ್ಲ. ಎಲ್ಲ ಕಡೆ ಹೊಸ ಗಿರಾಕಿಯ ಹಾಗೆ ಹೋಗಿ, “ಸ್ವಲ್ಪ ದಿವಸದಿಂದ ಹೊಟ್ಟೆ ಸರಿ ಇಲ್ಲ ಡಾಕ್ಟ್ರೆ,” ಎಂದು ಶುರು ಮಾಡುತ್ತಿದ್ದೆ.

ಸ್ವಲ್ಪ ದಿವಸ ಎಂದರೆ ಡಾಕ್ಟರು ಏನು ಮಾಡಬೇಕು? ಪುತ್ತೂರಿನವರು ಹುಳದ ಮದ್ದು ಎರಡು ಸಲ ಕೊಟ್ಟರು. ಸುಳ್ಯದವರು ಮಲ ಪರೀಕ್ಷೆ ಮಾಡಿಸಿ, ಏನೂ ಕಾಣದಿದ್ದರೂ ಇರಲಿ ಎಂದು ಆಮಶಂಕೆಯ ಮಾತ್ರೆ ಕೊಟ್ಟರು. ಮೂರನೆಯವರು ಹಾಲು ಬಿಡಿ ಎಂದರು. ಬಿಟ್ಟೆ. ನಾನು ಕಾದು ನೋಡುತ್ತಿದ್ದದ್ದು ಮೂವರೂ ಒಂದೇ ರೋಗ ಹೇಳುತ್ತಾರಾ ಎಂದು. ಒಬ್ಬರದ್ದು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಮಂಗಳೂರಿನಲ್ಲಿ ನನ್ನ ಪ್ರಾಯ, ಇಳಿದ ಮೈ ನೋಡಿ ಹಿಂದಿನಿಂದ ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡಿದರು. ಅದರ ಹಿಂದಿನ ದಿನ ಹೊಟ್ಟೆ ಖಾಲಿ ಮಾಡಲು ಒಂದು ಕ್ಯಾನು ಮದ್ದಿನ ನೀರು ಕುಡಿಯಬೇಕು. “ನನಗೂ ಕುಡಿಯಬೇಕಾ ಸಿಸ್ಟರ್? ನನ್ನದು ವರ್ಷದಿಂದ ಖಾಲಿ ಆಗ್ತಾ ಉಂಟು,” ಎಂದೆ. ಅವಳು ನಗಲಿಲ್ಲ, ದಿನಕ್ಕೆ ಎಷ್ಟು ಜನ ಇದನ್ನೇ ಹೇಳುತ್ತಾರೋ.

ಪರೀಕ್ಷೆ ಮುಗಿಸಿ ಆ ಡಾಕ್ಟರು ಸಂತೋಷದಿಂದ ಹೇಳಿದರು: “ನಿಮ್ಮ ಕರುಳು ಕನ್ನಡಿಯ ಹಾಗೆ ಉಂಟು. ಗಡ್ಡೆ ಇಲ್ಲ, ಹುಣ್ಣು ಇಲ್ಲ. ಮಗಳ ಮದುವೆ ಅಂದಿರಲ್ಲ, ಅದರ ಟೆನ್ಶನ್. ಆರಾಮ ಮಾಡಿ.”

ಗಡ್ಡೆ ಇಲ್ಲ ಎಂದರೆ ಮನುಷ್ಯ ಕುಣಿಯಬೇಕು. ನಾನು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಸ್ಟೇರಿಂಗಿಗೆ ತಲೆ ಕೊಟ್ಟು ಕೂತುಬಿಟ್ಟೆ. ಕೆಟ್ಟ ರೋಗ ಎಂದಿದ್ದರೆ ಅದಕ್ಕೆ ಒಂದು ಹೆಸರು ಇರುತ್ತಿತ್ತು, ಅದರೊಡನೆ ಹೇಗೋ ಚರ್ಚೆ ಮಾಡಬಹುದಿತ್ತು. ಏನೂ ಇಲ್ಲದ್ದರ ಜೊತೆ ಹೇಗೆ ಮಾತಾಡುವುದು? ಏನೂ ಇಲ್ಲ ಎಂದು ಹೇಳಿದ ಆ ಗಂಟೆಯಲ್ಲೇ ನಾನು ಎರಡು ಸಲ ಆಸ್ಪತ್ರೆಯ ಪಾಯಿಖಾನೆಗೆ ಓಡಿದ್ದೆ. ಮನೆಗೆ ಬಂದು ಹೆಂಡತಿಗೆ “ಎಂತದೂ ಇಲ್ಲ ಅಂತೆ” ಎಂದೆ. ಅವಳು ಅಲ್‌ಹಮ್ದುಲಿಲ್ಲಾ ಎಂದಳು. ಆಮೇಲೆ ನನ್ನ ಮುಖ ನೋಡಿ ಗಂಜಿಗೆ ನೀರಿಟ್ಟಳು.

ಆ ಮೇಲಿನ ತಿಂಗಳುಗಳಲ್ಲಿ ನಾನು ಊಟವನ್ನೇ ಕಡಿಮೆ ಮಾಡಿದೆ. ಹೊರಗೆ ಹೋಗುವ ದಿನ ನೀರೂ ಕುಡಿಯುತ್ತಿರಲಿಲ್ಲ. ಇಚಿಲಂಪಾಡಿಯಲ್ಲಿ ಒಂದು ಮನೆಯ ಹೆಬ್ಬಾಗಿಲು ನೋಡಲು ಹೋಗಿ ಅಂಗಳದಲ್ಲೇ ಕಣ್ಣು ಕತ್ತಲೆ ಬಂದು ಬಿದ್ದೆ. ಮನೆಯವರು ಎಳನೀರು ಕುಡಿಸಿದರು. ಆ ಎಳನೀರಿಗೆ ಹೆದರಿ, ಬಾಗಿಲಿನ ಮಾತು ಎತ್ತದೆ ವಾಪಸು ಬಂದೆ. ಮದುವೆಯ ಹಾಲ್ ಬುಕ್ಕಾಯಿತು, ಆಮಂತ್ರಣದ ಕಾಗದ ಹಂಚಿಯಾಯಿತು. ಹಾಲ್‌ನ ಮ್ಯಾನೇಜರ್ ಸ್ಟೇಜು ತೋರಿಸುತ್ತಿದ್ದ. ನಾನು ಸ್ಟೇಜಿನಿಂದ ಬಾತ್‌ರೂಮಿಗೆ ಎಷ್ಟು ದೂರ ಎಂದು ನೋಡುತ್ತಿದ್ದೆ. ಮಗಳಿಗೆ ಯಾವ ಬಣ್ಣದ ಬಟ್ಟೆ ತೆಗೆದರು ಎಂದು ಕೇಳಿದರೆ ನನಗೆ ಇವತ್ತಿಗೂ ಗೊತ್ತಿಲ್ಲ.

ಕೊನೆಗೆ ಹೆಂಡತಿಯೇ ಹಟ ಹಿಡಿದಳು. ಮಂಗಳೂರಿನಲ್ಲೇ ಬೇರೆ ಕಡೆ ಹೊಟ್ಟೆಯದ್ದೇ ಸ್ಪೆಷಲಿಸ್ಟ್ ಒಬ್ಬರಿದ್ದಾರೆ, ಹೆಂಗಸು, ಅವರಿಗೆ ತೋರಿಸುವ ಎಂದಳು. “ನಾನೂ ಬರ್ತೇನೆ,” ಎಂದಳು. ಬೇಡ ಎಂದೆ. ಅವಳು ಅಷ್ಟರಲ್ಲಿ ಬುರ್ಖಾ ಹಾಕಿ ಗಾಡಿಯಲ್ಲಿ ಕೂತಾಗಿತ್ತು.

ಡಾಕ್ಟರು ಸಣ್ಣ ಪ್ರಾಯದವರು. ಕನ್ನಡಕ ಮೇಲೆತ್ತಿ ಕೇಳಿದರು: “ಎಷ್ಟು ಸಮಯದಿಂದ?”

“ಸ್ವಲ್ಪ ದಿವಸದಿಂದ ಡಾಕ್ಟ್ರೆ.”

“ಮೊದಲು ಎಲ್ಲಿಯಾದರೂ ತೋರಿಸಿದ್ದೀರಾ?”

“ಇಲ್ಲ. ನೇರ ನಿಮ್ಮಲ್ಲಿಗೇ ಬಂದದ್ದು.”

ಹೆಂಡತಿ ಮಧ್ಯೆ ಬಾಯಿ ಹಾಕಿದಳು. “ಎಂತ ಸುಳ್ಳು ಹೇಳುದು ಮಾರಾಯ್ರೆ ನೀವು! ಡಾಕ್ಟ್ರೆ, ಒಂದೂವರೆ ವರ್ಷ ಆಯ್ತು. ನಾಲ್ಕು ಡಾಕ್ಟ್ರು ಆಯ್ತು. ಕ್ಯಾಮೆರಾ ಹಾಕಿ ಆಯ್ತು. ಹುಳದ ಮದ್ದೇ ಎರಡು ಸಲ ಆಯ್ತು. ಇವರಿಗೆ ಇದೆಲ್ಲ ವ್ಯಾಪಾರ. ಒಬ್ಬರ ರೇಟು ಇನ್ನೊಬ್ಬರಿಗೆ ಹೇಳುದಿಲ್ಲ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಹೌದಾ? ನನ್ನಿಂದ ಎಂತ ರೇಟು ಹೇಳಿಸ್ಬೇಕು ಅಂತ ಬಂದದ್ದು ನೀವು?”

ಅವರು ಹೆಂಡತಿಯ ಕಡೆ ಕುರ್ಚಿ ತಿರುಗಿಸಿ ಕೂತು ಎಲ್ಲ ಕೇಳಿದರು. ಮಲಗಿದಾಗಲೂ ಎಬ್ಬಿಸುತ್ತದಾ? ರಕ್ತ ಇಲ್ಲವಾ? ಕ್ಯಾಮೆರಾ ಹಾಕಿದವರು ಒಳಗಿನಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದಾರಾ? ಅದಕ್ಕೆ ನಾನೇ ಹೇಳಿದೆ: ಇಲ್ಲ, ಎಲ್ಲ ಸ್ವಚ್ಛ ಉಂಟು, ಎಂತಕ್ಕೆ ತೆಗೆಯುದು ಅಂದರು. ಕೊನೆಗೆ ಬೇರೆ ಯಾವ ಮಾತ್ರೆ ತಿನ್ನುತ್ತೀರಿ ಎಂದು ಕೇಳಿದರು. ಬೇರೆ ಯಾವುದೂ ಇಲ್ಲ ಎಂದೆ. ಇದು ಸುಳ್ಳಲ್ಲ, ನನ್ನ ಮಟ್ಟಿಗೆ ನಿಜವೇ. ಹೆಂಡತಿ ನನ್ನ ಅಂಗಿಯ ಕಿಸೆಗೆ ಕೈ ಹಾಕಿ ಮಾತ್ರೆಯ ಎರಡು ಪಟ್ಟಿ ಮೇಜಿನ ಮೇಲೆ ಇಟ್ಟಳು. ಒಂದು ಸೊಂಟ ನೋವಿನದ್ದು. ಇನ್ನೊಂದು, ಅದನ್ನು ತಿಂದರೆ ಎದೆ ಉರಿಯುತ್ತದೆ ಎಂದು ಜೊತೆಗೆ ತಿನ್ನುವ ಗ್ಯಾಸಿನದ್ದು. ಮರ ಹೊತ್ತು ಹೊತ್ತು ಸೊಂಟ ಹೋದ ಮೇಲೆ ಇವೆರಡನ್ನೂ ಮೆಡಿಕಲಿನಿಂದ ತಂದು ಚಹಾದ ಹಾಗೆ ದಿನಾ ತಿನ್ನುತ್ತಿದ್ದೆ. ಅದನ್ನು ಮದ್ದು ಎಂದು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಮ್ಮ ಕಡೆ ಭಾರ ಎತ್ತುವ ಕೆಲಸದವರು ಎಷ್ಟೋ ಜನ ಹಾಗೇ ತಿನ್ನುತ್ತಾರೆ.

“ಕೆಲವರಿಗೆ ಇಂಥ ಮಾತ್ರೆಯಿಂದಲೇ ಕರುಳು ಹಾಳಾಗುದುಂಟು,” ಎಂದರು ಡಾಕ್ಟರು. “ಎಲ್ಲರಿಗೂ ಅಲ್ಲ. ನಿಮಗೆ ಅದರಿಂದಲೇ ಅಂತ ನಾನು ಈಗ ಹೇಳುದಿಲ್ಲ. ಆದರೆ ನೋಡ್ಬೇಕು. ಇನ್ನೊಮ್ಮೆ ಕ್ಯಾಮೆರಾ ಹಾಕುವ. ಈ ಸಲ ಬೇರೆ ಬೇರೆ ಕಡೆಯಿಂದ ಎಂಟು ಹತ್ತು ತುಂಡು ತೆಗೀತೇನೆ.”

“ಹತ್ತು? ಎರಡು ಸಾಕಾಗುದಿಲ್ಲವಾ ಡಾಕ್ಟ್ರೆ?”

“ಇದೆಂತ ಮೀನು ಮಾರ್ಕೆಟಾ? ತೊಂದರೆ ಒಂದು ಕಡೆ ಇರ್ತದೆ, ಇನ್ನೊಂದು ಕಡೆ ಇರುದಿಲ್ಲ. ಕಣ್ಣಿಗೆ ಕಾಣುದಿಲ್ಲ. ಮೈಕ್ರೋಸ್ಕೋಪಿನ ಅಡಿಯಲ್ಲೇ ಕಾಣುದು.”

ಆಗ ನನಗೆ ಅರ್ಥವಾಯಿತು. ಪೈಂಟು ಬಳಿದ ತೊಲೆಯನ್ನು ನಾನು ಎಂದಾದರೂ ಹಾಗೇ ಕೊಂಡಿದ್ದೇನಾ? ಎರಡೂ ತುದಿ, ನಡು, ಗೋಡೆಯೊಳಗೆ ಹುಗಿದಿದ್ದ ಭಾಗ, ಎಲ್ಲ ಕಡೆ ಉಳಿಯಿಂದ ಚಕ್ಕೆ ಎಬ್ಬಿಸಿ ನೋಡುತ್ತೇನೆ. ಕುಟ್ಟೆ ಹುಳ ಹಿಡಿದ ಮರದ ಹೊರಮೈ ಕನ್ನಡಿಯ ಹಾಗೇ ಇರುತ್ತದೆ. ಇಷ್ಟು ತಿಳಿದವನು ನನ್ನ ಹೊಟ್ಟೆಯ ವಿಷಯದಲ್ಲಿ ಹೊರಮೈ ನೋಡಿ ಹೇಳಿದ ಮಾತನ್ನು ತಲೆಯ ಮೇಲೆ ಹೊತ್ತುಕೊಂಡು ಅರ್ಧ ವರ್ಷ ತಿರುಗಿದೆ. ಹಿಂದಿನ ಡಾಕ್ಟರನ್ನೂ ದೂರಲಾರೆ. ಸ್ವಲ್ಪ ದಿವಸದ ಭೇದಿ ಎಂದವನ ಕರುಳಿನಿಂದ ಯಾರು ಹತ್ತು ಚಕ್ಕೆ ಎಬ್ಬಿಸುತ್ತಾರೆ?

ಪುನಃ ಆ ಕ್ಯಾನಿನ ನೀರು ಕುಡಿದೆ. ಪುನಃ ಕ್ಯಾಮೆರಾ. ಒಳಗೆ ಈ ಸಲವೂ ಎಲ್ಲ ಸ್ವಚ್ಛ. ತುಂಡುಗಳು ಲ್ಯಾಬಿಗೆ ಹೋದವು. ಅದರ ರಿಪೋರ್ಟು ಬಂದಾಗ ಮದುವೆಗೆ ಒಂದು ವಾರವೂ ಉಳಿದಿರಲಿಲ್ಲ. ಮನೆಯ ಮುಂದೆ ಚಪ್ಪರದವರು ಕಬ್ಬಿಣದ ಪೈಪು ಇಳಿಸುತ್ತಿದ್ದರು. ನಾನು ಹೆಂಡತಿಯ ಜೊತೆ ಮಂಗಳೂರಿನಲ್ಲಿ ಡಾಕ್ಟರ ಎದುರು ಕೂತಿದ್ದೆ.

“ಮೈಕ್ರೋಸ್ಕೋಪಿಕ್ ಕೊಲೈಟಿಸ್,” ಎಂದರು. “ದೊಡ್ಡ ಕರುಳಿನ ಒಳಗಿನ ಪದರಕ್ಕೆ ಉರಿಯೂತ. ನಮ್ಮಲ್ಲಿ ಅಪರೂಪ. ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗುದೂ ಇಲ್ಲ. ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ ಎರಡೂ ಇವತ್ತಿಗೆ ಬಂದ್. ಕರುಳಿನಲ್ಲೇ ಕೆಲಸ ಮಾಡುವ ಸ್ಟಿರಾಯ್ಡ್ ಮಾತ್ರೆ ಕೊಡ್ತೇನೆ.”

ಅವರು ಹೇಳಿದ ಅಪರೂಪ ಎಂಬ ಶಬ್ದವನ್ನು ನಾನು ಹಿಡಿದುಕೊಂಡೆ. ಹಳೆ ಬಾಗಿಲಿಗೆ ನಾನೇ ಹೇಳುವ ಶಬ್ದ ಅದು, ರೇಟು ಏರಿಸಲು.

“ಭಾನುವಾರ ಮಗಳ ನಿಕಾಹ್ ಡಾಕ್ಟ್ರೆ. ಅಷ್ಟರಲ್ಲಿ ನಿಲ್ತದಾ?”

“ಕೆಲವರಿಗೆ ಬೇಗ ನಿಲ್ತದೆ. ಕೆಲವರಿಗೆ ಎರಡು ಮೂರು ವಾರ ಬೇಕು.”

“ಡಬಲ್ ತಿಂದರೆ?”

“ಡಬಲ್ ತಿಂದರೆ ಡಬಲ್ ಬೇಗ ನಿಲ್ಲುದಿಲ್ಲ.” ಅವರ ದನಿ ಮೆತ್ತಗಾಯಿತು. “ಮೂರು ತಿಂಗಳು ಮೊದಲೇ ಎಲ್ಲ ಹೇಳಿಕೊಂಡು ಬಂದಿದ್ದರೆ…” ಎಂದವರು ಮಾತು ಅಲ್ಲಿಗೇ ಬಿಟ್ಟರು. ಅವರು ಬಿಟ್ಟ ಮಾತನ್ನು ಮಂಗಳೂರಿನಿಂದ ಕಬಕದ ತನಕ ಹೆಂಡತಿಯೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಶುಕ್ರವಾರ, ಶನಿವಾರ ನಾನು ಮಾತ್ರೆ ಬಿಟ್ಟು ಬೇರೇನೂ ನುಂಗಲಿಲ್ಲ. ಒಳಗೆ ಏನೂ ಇಲ್ಲದಿದ್ದರೆ ಏನು ಹೊರಗೆ ಬಂದೀತು ಎನ್ನುವುದು ನನ್ನ ಲೆಕ್ಕ. ಆ ರೋಗಕ್ಕೆ ನನ್ನ ಲೆಕ್ಕ ಗೊತ್ತಿಲ್ಲ. ಭಾನುವಾರ ಬೆಳಗ್ಗೆ ಎದ್ದು ನಿಂತರೆ ಗೋಡೆ ತಿರುಗುತ್ತಿತ್ತು. ಬಿಳಿ ಅಂಗಿ, ಬಿಳಿ ಮುಂಡು ಹಾಕಿ, ಒಳಗೆ ಎರಡು ಚಡ್ಡಿ ಹಾಕಿ ಹಾಲ್‌ಗೆ ಹೋದೆ.

ಮದುಮಗ ಬಂದು ಸ್ಟೇಜಿನಲ್ಲಿ ಕೂತ. ನಾನೂ ಎದುರು ಕೂತೆ. ನಿಕಾಹ್ ನಡೆಸುವ ಉಸ್ತಾದ್ ಮೈಕು ಸರಿ ಮಾಡಿಕೊಂಡು ನಿಕಾಹ್‌ಗೆ ಮೊದಲಿನ ಪ್ರವಚನ, ಖುತುಬಾ, ಶುರು ಮಾಡುವುದರಲ್ಲಿದ್ದರು. ಆಗ ಹೊಟ್ಟೆಯಲ್ಲಿ ಆ ಗುರುತಿನ ತಿರುವು ಬಂತು. ನಾನು ಉಸ್ತಾದರ ಮೊಣಕೈ ಹಿಡಿದು ಕಿವಿಯಲ್ಲಿ ಹೇಳಿದೆ. ಹೇಳಬೇಕಾದ್ದು ಒಂದೇ ಸಾಲು: ನನ್ನ ಮಗಳ ನಿಕಾಹ್ ಮಾಡಿ ಕೊಡಲು ನಿಮಗೆ ವಕಾಲತ್ ಕೊಟ್ಟಿದ್ದೇನೆ. ಬಾಯಿ ಬಾರದವರು, ಸಭೆಗೆ ಹೆದರುವವರು ಎಷ್ಟೋ ತಂದೆಯರು ಉಸ್ತಾದರಿಗೆ ಹಾಗೆ ಒಪ್ಪಿಸಿಬಿಡುತ್ತಾರೆ. ಧರ್ಮದಲ್ಲಿ ಅದರಲ್ಲಿ ಏನೂ ಕೊರತೆಯಿಲ್ಲ. ಉಸ್ತಾದರು ಗಾಬರಿಯಿಂದ, “ಈಗಲಾ? ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಬೇಗ ಮುಗಿಸ್ತೇನೆ,” ಎಂದರು. ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದೆ. ಸ್ಟೇಜಿನ ಹಿಂದಿನ ಮೆಟ್ಟಿಲು ಇಳಿಯುವಾಗ ಹುಡುಗನ ಸೋದರಮಾವ ನನ್ನನ್ನೇ ನೋಡುತ್ತಿದ್ದರು. ಈ ಸಲ ಅವರು ತಮಾಷೆ ಮಾಡಲಿಲ್ಲ.

ಬಾತ್‌ರೂಮಿನ ಗೋಡೆಯ ಮೇಲೆ, ಸೀಲಿಂಗಿನ ಬುಡದಲ್ಲಿ, ಒಂದು ವೆಂಟಿಲೇಟರ್ ಇತ್ತು. ಅದರ ಹೊರಗೆ ಮೈಕಿನ ಪೆಟ್ಟಿಗೆ ಕಟ್ಟಿದ್ದರು. ಖುತುಬಾದ ಒಂದೊಂದು ಅಕ್ಷರವೂ ಕೇಳುತ್ತಿತ್ತು. ಅದು ಮುಗಿಯಿತು. ಉಸ್ತಾದರು ನನ್ನ ಹೆಸರು ಹೇಳಿದರು, ಮಗಳ ಹೆಸರು ಹೇಳಿದರು, ಇಂಥವರು ತಮ್ಮ ಮಗಳನ್ನು ಕೊಡಲು ನನಗೆ ವಕಾಲತ್ ಕೊಟ್ಟ ಪ್ರಕಾರ ಎಂದರು. ಹುಡುಗ ಒಪ್ಪಿದ್ದೇನೆ ಎಂದ. ಅವನ ದನಿ ಸ್ವಲ್ಪ ನಡುಗಿತು. ಒಳ್ಳೆಯ ಹುಡುಗ. ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾದವನು ನಾನು. ನಾನು ನಲ್ಲಿ ಹಿಡಿದುಕೊಂಡು ಕೂತಿದ್ದೆ. ದುಆಕ್ಕೆ ಇಡೀ ಸಭೆ ಆಮೀನ್ ಎಂದಿತು. ಪಾಯಿಖಾನೆಯಲ್ಲಿ ಪ್ರಾರ್ಥನೆಯ ಮಾತು ಆಡಬಾರದು; ಆ ಜಾಗದಲ್ಲಿ ನಾನು ಆಮೀನ್ ಕೂಡ ಹೇಳುವ ಹಾಗಿರಲಿಲ್ಲ. ಬಾಯಿ ಮುಚ್ಚಿಕೊಂಡು ಅತ್ತೆ.

ಹೊರಗೆ ಬಂದಾಗ ಊಟದ ಗಲಾಟೆ ಶುರುವಾಗಿತ್ತು. ಅಳಿಯ ನನ್ನನ್ನು ಹುಡುಕಿಕೊಂಡು ಬಂದು ಕೈ ಚಾಚಿದ. ಒರೆಸಿಕೊಳ್ಳಲು ಸಮಯವಿರಲಿಲ್ಲ, ಒದ್ದೆ ಕೈಯನ್ನೇ ಕೊಟ್ಟೆ.

ಮಾತ್ರೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಮದುವೆಯಾಗಿ ಎರಡು ವಾರಕ್ಕೆ ನೀರು ನಿಂತಿತು. ಒಂದು ಬೆಳಗ್ಗೆ ಬಾಂಗಿನ ತನಕ ನಿದ್ದೆ ಬಂತು. ಎದ್ದು ಮಂಚದಲ್ಲೇ ಕೂತೆ. ಹೊಟ್ಟೆ ಸುಮ್ಮನಿತ್ತು. ಆದರೆ ಸಂತೋಷ ಆಗಲಿಲ್ಲ. ಮಾತ್ರೆ ಇಳಿಸಿದಾಗ ಒಮ್ಮೆ ಪುನಃ ಬಂತು, ಪುನಃ ಏರಿಸಿದರು. ಇದು ಹೀಗೇ ಬರುತ್ತಾ ಹೋಗುತ್ತಾ ಇರಬಹುದು ಎಂದಿದ್ದಾರೆ. ಸೊಂಟ ನೋವು ಹಾಗೇ ಉಂಟು, ಅದಕ್ಕೆ ಬಿಸಿನೀರಿನ ಚೀಲ. ಯಾರಿಗಾದರೂ ತಿಂಗಳುಗಟ್ಟಲೆ ನೀರಿನಂತೆ ಹೋಗುತ್ತಿದ್ದು, ಕ್ಯಾಮೆರಾದಲ್ಲಿ ಏನೂ ಇಲ್ಲ ಎಂದು ಹೇಳಿದ್ದರೆ, ತುಂಡು ತೆಗೆದು ನೋಡಿದ್ದೀರಾ ಎಂದು ಕೇಳಿ. ಹಳೆ ಚೀಟಿ ಎಲ್ಲ ಒಯ್ಯಿರಿ, ಕಿಸೆಯಲ್ಲಿರುವ ಮಾತ್ರೆಯನ್ನೂ ತೋರಿಸಿ. ಇಷ್ಟು ಹೇಳಲಿಕ್ಕೇ ನಾನು ಇದನ್ನು ಬರೆಯಲು ಕೂತದ್ದು.

ಮಗಳು ಮೊದಲ ಸಲ ಮನೆಗೆ ಬಂದಾಗ ಮದುವೆಯ ವಿಡಿಯೋ ಹಾಕಿದಳು. ಹೆಂಡತಿ ಅಡುಗೆ ಮನೆಯಲ್ಲಿದ್ದಳು. ನಿಕಾಹ್‌ನ ಭಾಗ ಬರುವಾಗ ನಾನು ನೀರು ಕುಡಿಯುವ ನೆಪದಲ್ಲಿ ಏಳಲು ನೋಡಿದೆ. ಮಗಳು ರಿಮೋಟ್ ಒತ್ತಿ ಆ ಭಾಗವನ್ನು ಮುಂದಕ್ಕೆ ಓಡಿಸಿಬಿಟ್ಟಳು.

“ಎಂತಕ್ಕೆ ಓಡಿಸಿದ್ದು?” ಎಂದೆ.

“ಅದರಲ್ಲಿ ಎಂತ ಉಂಟು, ಉಪ್ಪ? ಬರೀ ಉಸ್ತಾದ್,” ಎಂದಳು. ಆಮೇಲೆ ಇಬ್ಬರೂ ಜನ ಊಟ ಮಾಡುವುದನ್ನು ನೋಡುತ್ತಾ ಕೂತೆವು.